ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದರೆ ಕೈ ಬರುವುದೇ ಇಲ್ಲವೇ?

ನೀವು ಕೇಳಿರುವುದು ಇಷ್ಟು: ತಂದೆಯವರಿಗೆ ಲಕ್ವ ಹೊಡೆದು ಐದು ತಿಂಗಳಾಗಿದೆ. ಓಡಾಡುತ್ತಾರೆ, ಬಲಗೈ ಬೆರಳು ಸ್ವಲ್ಪ ಬಿಚ್ಚುತ್ತಾರೆ, ಆದರೆ ಕೆಲಸವೆಲ್ಲ ಎಡಗೈಯಲ್ಲೇ. ಆರು ತಿಂಗಳಾದ ಮೇಲೆ ಕೈ ಬರುವುದಿಲ್ಲ ಎಂದು ನೆಂಟರು ಹೆದರಿಸುತ್ತಿದ್ದಾರೆ. ಸ್ಟೆಮ್ ಸೆಲ್ ಮಾಡಿಸಬೇಕಾ?

ಸ್ಟೆಮ್ ಸೆಲ್ ಬೇಡ, ಕಾರಣ ಕೆಳಗಿದೆ. ಆರು ತಿಂಗಳ ಮಾತು ಮಾತ್ರ ಅರ್ಧ ನಿಜ.

ಮಿದುಳು ತಾನಾಗಿ ಚೇತರಿಸಿಕೊಳ್ಳುವುದು ಮೊದಲ ಮೂರು ತಿಂಗಳಲ್ಲಿ ಜೋರು, ಆಮೇಲೆ ನಿಧಾನ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 72 ಜನರನ್ನು ಗುಂಪು ಮಾಡಿ, ಬೇರೆ ಬೇರೆ ಸಮಯದಲ್ಲಿ 20 ಗಂಟೆ ಹೆಚ್ಚುವರಿ ಕೈ ಅಭ್ಯಾಸ ಮಾಡಿಸಿದರು. ಎರಡರಿಂದ ಮೂರು ತಿಂಗಳ ನಡುವೆ ಮಾಡಿದವರಿಗೆ ಹೆಚ್ಚು ಲಾಭ, ಮೊದಲ ತಿಂಗಳಲ್ಲಿ ಮಾಡಿದವರಿಗೆ ಅದಕ್ಕಿಂತ ಸ್ವಲ್ಪ ಕಡಿಮೆ, ಆರು ತಿಂಗಳ ನಂತರದವರಿಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಇಷ್ಟನ್ನೇ ಓದಿದರೆ ನೆಂಟರದ್ದೇ ಸರಿ ಅನಿಸುತ್ತದೆ. ಆದರೆ ತಡವಾದವರಿಗೆ 20 ಗಂಟೆ ಯಾವ ಮೂಲೆಗೂ ಸಾಲದು. ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯಲ್ಲಿ ಮೂರು ವಾರದಲ್ಲಿ 90 ಗಂಟೆ ಮಾಡಿಸುತ್ತಾರೆ. 2019ರಲ್ಲಿ ಅವರು ಪ್ರಕಟಿಸಿದ 224 ಜನರಲ್ಲಿ ಅರ್ಧದಷ್ಟು ಮಂದಿಗೆ ಸ್ಟ್ರೋಕ್ ಆಗಿ ಒಂದೂವರೆ ವರ್ಷ ದಾಟಿತ್ತು. ಆದರೂ ಕೈ ಸುಧಾರಿಸಿತು, ಆರು ತಿಂಗಳ ನಂತರವೂ ಉಳಿಯಿತು. (ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ ಎಂಬ ಕೊರತೆ ಅದಕ್ಕಿದೆ.)

ನಿಮ್ಮ ತಂದೆಯವರಿಗೆ ನೇರವಾಗಿ ಹೊಂದುವುದು ಬೇರೊಂದು ಪ್ರಯೋಗ, 2006ರ ಎಕ್ಸೈಟ್. ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾಗಿದ್ದ 222 ಜನ. ಸರಿಯಿರುವ ಕೈಗೆ ದಪ್ಪ ಗವಸು ತೊಡಿಸಿ, ಎಚ್ಚರವಿರುವ ಹೊತ್ತಿನ ಶೇ. 90ರಷ್ಟು ಕಾಲ ಸೋತ ಕೈಯಿಂದಲೇ ಕೆಲಸ ಮಾಡಿಸುವುದು, ಎರಡು ವಾರ, ಜೊತೆಗೆ ವಾರದ ದಿನಗಳಲ್ಲಿ ಆರು ಗಂಟೆಯವರೆಗೆ ತರಬೇತಿ. ಲಾಭ ಒಂದು ವರ್ಷದ ನಂತರವೂ ಕಂಡಿತು. ಇದರ ಮೂಲ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ಅವರು ಮಂಗಗಳ ಮೇಲೆ ನಡೆಸಿದ ಪ್ರಯೋಗ. ಕೈಯ ಸ್ಪರ್ಶದ ನರ ಕತ್ತರಿಸಿದ ಮಂಗ ಆ ಕೈಯನ್ನು ಬಳಸುವುದನ್ನೇ ಬಿಟ್ಟಿತು. ಒಳ್ಳೆಯ ಕೈಯನ್ನು ಕಟ್ಟಿಹಾಕಿದಾಗ ಅದೇ ಕೈ ಕೆಲಸಕ್ಕೆ ಬಂತು! ಅಂದರೆ ಶಕ್ತಿ ಇಲ್ಲದ್ದು ಒಂದು ತೊಂದರೆ, ಕೈಯನ್ನು ಮರೆತೇಬಿಡುವುದು ಇನ್ನೊಂದು. ಐದು ತಿಂಗಳು ಎಡಗೈಯಲ್ಲೇ ಉಂಡವರಿಗೆ ಎರಡನೆಯದು ಖಂಡಿತ ಅಂಟಿರುತ್ತದೆ.

ಈ ಗವಸಿನ ಪದ್ಧತಿ ಎಲ್ಲರಿಗೂ ಅಲ್ಲ. ಮೇಜಿನ ಮೇಲೊಂದು ಕರವಸ್ತ್ರ ಇಟ್ಟು, ಸೋತ ಕೈಯಿಂದ ಹೇಗಾದರೂ ಹಿಡಿದು ಎತ್ತಿ ಮತ್ತೆ ಬಿಡಲು ಹೇಳಿ. ಬಿಡುವುದು ಮುಖ್ಯ. ಹಿಡಿದದ್ದನ್ನು ಬಿಡಲಾಗದಿದ್ದರೆ ಗವಸಿನಿಂದ ಸಿಟ್ಟು ಬರುತ್ತದೆ ಅಷ್ಟೆ.

ದಿನಕ್ಕೆ ಆರು ಗಂಟೆ ಮನೆಯಲ್ಲಿ ಆಗದ ಮಾತು. ಹಗುರ ಮಾಡಿದ ಪದ್ಧತಿ ಇದೆ: ವಾರಕ್ಕೆ ಐದು ದಿನ, ದಿನಕ್ಕೆ ಐದು ಗಂಟೆ ಗವಸು, ವಾರಕ್ಕೆ ಮೂರು ಸಲ ಅರ್ಧ ಗಂಟೆ ಥೆರಪಿ, ಹತ್ತು ವಾರ. ಗವಸಿನ ಬದಲು ಕೈಗೆ ದಪ್ಪ ಕಾಲುಚೀಲ ತೊಡಿಸಿದರೂ ನಡೆಯುತ್ತದೆ. ಮೆಟ್ಟಿಲು, ಬಚ್ಚಲು, ಬಿಸಿ ಕಾಫಿ, ಊರುಗೋಲು ಹಿಡಿದು ನಡೆಯುವಾಗ ತೆಗೆಯಲೇಬೇಕು.

ಒಂದು ಅಭ್ಯಾಸ ಹೇಗಿರಬೇಕು ಎಂದು ಹೇಳುತ್ತೇನೆ. ತಟ್ಟೆಯಲ್ಲಿ ಹತ್ತು ನಿಂಬೆಹಣ್ಣು, ಪಕ್ಕದಲ್ಲಿ ಬಟ್ಟಲು. ಒಂದೊಂದಾಗಿ ಎತ್ತಿ ಹಾಕಬೇಕು, ನೀವು ಮೊಬೈಲಿನಲ್ಲಿ ಸಮಯ ನೋಡಿ. ಹತ್ತು ಸುತ್ತು ಮಾಡಿಸಿ, ಪ್ರತಿ ಸಲದ ಸೆಕೆಂಡು ಬರೆದಿಡಿ. ಸಮಯ ಇಳಿಯುತ್ತಿದ್ದಂತೆ ಬಟ್ಟಲನ್ನು ಒಂದು ಗೇಣು ದೂರ ಸರಿಸಿ, ಆಮೇಲೆ ಒಂದು ಪುಸ್ತಕದ ಮೇಲಿಡಿ, ಆಮೇಲೆ ನಿಂಬೆಯ ಬದಲು ಬಾದಾಮಿ, ಕಡೆಗೆ ಕಡಲೆಬೀಜ. ಒಂದು ಸಲಕ್ಕೆ ಒಂದೇ ಬದಲಾವಣೆ. ಈಗ ಅವರ ಬೆನ್ನು ನೋಡಿ. ಮೊಣಕೈ ಚಾಚುವ ಬದಲು ಇಡೀ ಮೈಯನ್ನೇ ಮುಂದೆ ಬಾಗಿಸಿ ಮುಟ್ಟುತ್ತಿದ್ದರೆ ಅದು ಕಳ್ಳ ಲೆಕ್ಕ. ಎದೆಗೆ ಅಡ್ಡಲಾಗಿ ಒಂದು ಪಂಚೆ ತಂದು ಕುರ್ಚಿಯ ಬೆನ್ನಿಗೆ ಸಡಿಲವಾಗಿ ಕಟ್ಟಿದರೆ ಮೊಣಕೈ ಬಿಚ್ಚಲೇಬೇಕಾಗುತ್ತದೆ.

ಎಷ್ಟು ಸಲ? ಅಮೆರಿಕ, ಕೆನಡಾಗಳಲ್ಲಿ ಥೆರಪಿ ನಡೆಯುವಾಗ ಪಕ್ಕದಲ್ಲಿ ಕೂತು ಎಣಿಸಿದವರಿಗೆ ಸಿಕ್ಕಿದ್ದು, ಒಂದು ಬೈಠಕ್ಕಿಗೆ ಕೈಯ ಉಪಯುಕ್ತ ಚಲನೆ ಸರಾಸರಿ 32. ಮನಸ್ಸು ಮಾಡಿದರೆ ಒಂದು ಗಂಟೆಯಲ್ಲಿ 300 ಸಾಧ್ಯ ಎಂದೂ ತೋರಿಸಿದ್ದಾರೆ. ಹಾಗಂತ ಎಣಿಕೆ ಏರಿಸಿದಷ್ಟೂ ಲಾಭ ಏರುವುದಿಲ್ಲ. 85 ಜನರಿಗೆ ಒಟ್ಟು 3200ರಿಂದ 9600 ಸಲದವರೆಗೆ ಮಾಡಿಸಿ ನೋಡಿದಾಗ ಗುಂಪುಗಳ ನಡುವೆ ವ್ಯತ್ಯಾಸ ಬರಲಿಲ್ಲ. ನನ್ನ ಲೆಕ್ಕದಲ್ಲಿ, ಸುಲಭವಾದದ್ದನ್ನು ಸಾವಿರ ಸಲ ಮಾಡುವುದಕ್ಕಿಂತ ಸ್ವಲ್ಪ ಕಷ್ಟದ್ದನ್ನು ಮುನ್ನೂರು ಸಲ ಮಾಡುವುದು ವಾಸಿ.

ಹಾಳಾಗುವುದು ಸಾಮಾನ್ಯವಾಗಿ ಭುಜದಲ್ಲಿ. ಎಬ್ಬಿಸಿ ಕೂರಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ, ಸಡಿಲಗೊಂಡ ಭುಜದ ಕೀಲು ಜಾರುತ್ತದೆ. ಬಾಗಿಲ ಮೇಲೆ ಹಗ್ಗ-ರಾಟೆ ಕಟ್ಟಿ ಒಳ್ಳೆಯ ಕೈಯಿಂದ ಇನ್ನೊಂದನ್ನು ಎಳೆಯುವ ವ್ಯಾಯಾಮ ಈಗಲೂ ಅನೇಕರು ಹೇಳಿಕೊಡುತ್ತಾರೆ. ಅದರಿಂದ ಭುಜನೋವು ಹೆಚ್ಚುತ್ತದೆ ಎಂದು 1990ರಲ್ಲೇ ಗೊತ್ತಾಗಿದೆ, ನಿಲ್ಲಿಸಿ. ರಬ್ಬರ್ ಚೆಂಡು ಹಿಸುಕುವುದನ್ನೂ ನಾನು ಹೇಳುವುದಿಲ್ಲ. ಅವರ ಕಷ್ಟ ಬಿಚ್ಚುವುದರಲ್ಲಿ, ಮುಚ್ಚುವುದರಲ್ಲಲ್ಲ.

ಇನ್ನು ದುಡ್ಡು ಬೇಡುವ ಚಿಕಿತ್ಸೆಗಳು, ಮೊದಲಿಗೆ ಸ್ಟೆಮ್ ಸೆಲ್. ಸ್ವಂತ ಮೂಳೆಮಜ್ಜೆಯಿಂದ ತೆಗೆದ ಕೋಶಗಳನ್ನು ರಕ್ತನಾಳಕ್ಕೆ ಕೊಟ್ಟು ಭಾರತದ ಐದು ಆಸ್ಪತ್ರೆಗಳಲ್ಲಿ 120 ಜನರ ಮೇಲೆ ಪ್ರಯೋಗ ನಡೆಯಿತು. 2014ರಲ್ಲಿ ಬಂದ ಫಲಿತಾಂಶ: ಅಪಾಯವಿಲ್ಲ, ಉಪಯೋಗವೂ ಇಲ್ಲ. ಅದೂ ಸ್ಟ್ರೋಕ್ ಆದ ಮೊದಲ ವಾರಗಳಲ್ಲಿ ಕೊಟ್ಟದ್ದು. ಕೈಗೆ ಶಕ್ತಿ ಬರಲೆಂದು ಕೊಡುವ ಫ್ಲೂಯಾಕ್ಸೆಟಿನ್ ಮಾತ್ರೆಯನ್ನು ಬ್ರಿಟನ್ನಿನಲ್ಲಿ 3127 ಜನರ ಮೇಲೆ ಪರೀಕ್ಷಿಸಿದರು. ಚೇತರಿಕೆ ಹೆಚ್ಚಲಿಲ್ಲ, ಮೂಳೆಮುರಿತ ಹೆಚ್ಚಿತು. ಖಿನ್ನತೆಗೆಂದು ಕೊಟ್ಟಿದ್ದರೆ ಅದು ಬೇರೆ ಮಾತು, ನೀವಾಗಿ ನಿಲ್ಲಿಸಬೇಡಿ. ರೋಬೋಟ್ ಯಂತ್ರವೂ 770 ಜನರ ಬ್ರಿಟಿಷ್ ಪ್ರಯೋಗದಲ್ಲಿ ಸಾಮಾನ್ಯ ಆರೈಕೆಗಿಂತ ಮೇಲೆನಿಸಲಿಲ್ಲ. ನಿಜವಾಗಿ ಹೊಸದೆಂದರೆ ಕತ್ತಿನ ವೇಗಸ್ ನರಕ್ಕೆ ಸಾಧನ ಕೂರಿಸಿ, ಪ್ರತಿ ಚಲನೆಯ ಜೊತೆಗೆ ಸಣ್ಣ ವಿದ್ಯುತ್ ಕೊಡುವುದು. ಸ್ಟ್ರೋಕ್ ಆಗಿ 9 ತಿಂಗಳು ದಾಟಿದ್ದ 108 ಜನರಲ್ಲಿ, ಒಳ್ಳೆಯ ಸುಧಾರಣೆ ಕಂಡವರು ಶೇ. 47, ಸಾಧನವಿದ್ದೂ ವಿದ್ಯುತ್ ಕೊಡದ ಗುಂಪಿನಲ್ಲಿ ಶೇ. 24. ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿದೆ. ಅಲ್ಲೂ ಆರು ವಾರದ ತೀವ್ರ ಅಭ್ಯಾಸ ತಪ್ಪುವುದಿಲ್ಲ.

ಇದನ್ನೆಲ್ಲ ಓದಿ ಫಿಜಿಯೋ ಬಿಟ್ಟು ಮನೆಯಲ್ಲೇ ಮಾಡುತ್ತೇವೆ ಅನ್ನಬೇಡಿ. ಮನೆಯವರಿಗೆ ತರಬೇತಿ ಕೊಟ್ಟು ಕಳಿಸುವ ಅಟೆಂಡ್ ಎಂಬ ಪ್ರಯೋಗ ನಮ್ಮ ದೇಶದಲ್ಲೇ 14 ಆಸ್ಪತ್ರೆಗಳಲ್ಲಿ, 1250 ಜನರ ಮೇಲೆ ನಡೆದಿದೆ. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಇನ್ನೊಬ್ಬರನ್ನು ಅವಲಂಬಿಸಿದವರು, ತರಬೇತಿ ಕೊಟ್ಟ ಗುಂಪಿನಲ್ಲೂ ಕೊಡದ ಗುಂಪಿನಲ್ಲೂ ಶೇ. 47. ಮನೆಯವರ ಉತ್ಸಾಹವೊಂದೇ ಸಾಲದು, ಕಷ್ಟದ ಮಟ್ಟವನ್ನು ತಿದ್ದುತ್ತಿರುವ ಪಳಗಿದ ಕಣ್ಣು ಬೇಕು.

ಮೊದಲ ದಿನ ನಿಂಬೆಹಣ್ಣಿನ ಒಂದು ಸುತ್ತನ್ನು ಪಕ್ಕದಿಂದ, ಬೆನ್ನು ಕಾಣುವಂತೆ, ವಿಡಿಯೋ ಮಾಡಿಡಿ. ಎರಡು ವಾರದ ನಂತರ ಅದೇ ಕುರ್ಚಿ, ಅದೇ ದೂರ, ಅದೇ ಹಣ್ಣಿಟ್ಟು ಮತ್ತೊಮ್ಮೆ. ಸೆಕೆಂಡು ಇಳಿಯದಿದ್ದರೆ ಎರಡೂ ವಿಡಿಯೋಗಳನ್ನು ಫಿಜಿಯೋಗೆ ತೋರಿಸಿ.