ಉಳಿಸಿದವರಿಗೆ ಅಳಿಸುವ ಹಕ್ಕುಂಟೇ?

ಮಾನ್ಯರೇ,

ಚಳ್ಳಕೆರೆಯಿಂದ ತಾವು ಬರೆದ ಪತ್ರ ನಮ್ಮ ದಾವಣಗೆರೆ ಕಚೇರಿಗೆ ತಲುಪಿದೆ. ಅಮೆರಿಕದ ವೈಜ್ಞಾನಿಕ ಕಲ್ಪನೆಯ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್’ನ ‘ಪ್ರೈಮ್ ಡೈರೆಕ್ಟಿವ್’, ಅಂದರೆ ನಕ್ಷತ್ರಗಳ ನಡುವೆ ಸಂಚರಿಸಲು ಇನ್ನೂ ಕಲಿಯದ ಲೋಕಗಳ ಬದುಕಿನಲ್ಲಿ ಕೈಹಾಕಕೂಡದೆಂಬ ಕಟ್ಟಳೆಯನ್ನು ತಾವು ಸಮರ್ಥಿಸಿದ್ದೀರಿ. ಬಲಿಷ್ಠರು ದುರ್ಬಲರ ಉದ್ಧಾರಕ್ಕೆ ಹೊರಟಾಗಲೆಲ್ಲ ಏನಾಯಿತೆಂಬುದನ್ನು ಚರಿತ್ರೆಯೇ ಹೇಳುತ್ತದೆ ಎಂಬ ತಮ್ಮ ಮಾತು ನಿಜ. 1967ರಲ್ಲಿ ಈ ಕಟ್ಟಳೆ ಮೊದಲು ತೆರೆಗೆ ಬಂದಾಗ ಅಮೆರಿಕ ವಿಯೆಟ್ನಾಂನಲ್ಲಿ ಯುದ್ಧ ನಡೆಸುತ್ತಿತ್ತೆಂಬುದನ್ನು ಮರೆಯುವಂತಿಲ್ಲ.

ನನ್ನ ತಕರಾರು ಇರುವುದು ತಾವು ಕೊಟ್ಟ ಉದಾಹರಣೆಯ ಬಗ್ಗೆ. 1989ರ ‘ಪೆನ್ ಪ್ಯಾಲ್ಸ್’ ಕಂತಿನ ಮುಕ್ತಾಯ ಈ ಕಟ್ಟಳೆಯ ಅತ್ಯಂತ ಮಾನವೀಯ ರೂಪವೆಂದು ತಾವು ಬರೆದಿದ್ದೀರಿ. ಅದನ್ನು ನೋಡದ ಓದುಗರಿಗಾಗಿ ಎರಡು ಮಾತು ಹೇಳುತ್ತೇನೆ. ಭೂಗರ್ಭದ ತಳಮಳದಿಂದ ನಾಶವಾಗುತ್ತಿರುವ ಗ್ರಹವೊಂದರ ಪುಟ್ಟ ಹುಡುಗಿ ಸರ್ಜೆಂಕಾ, ಅಲ್ಲಿ ಯಾರಾದರೂ ಇದ್ದೀರಾ ಎಂದು ರೇಡಿಯೋದಲ್ಲಿ ಕರೆಯುತ್ತಾಳೆ. ಅಂತರಿಕ್ಷ ಹಡಗೊಂದರಲ್ಲಿರುವ ಯಂತ್ರಮಾನವ ಡೇಟಾ ಇದ್ದೇನೆಂದು ಉತ್ತರಿಸಿಬಿಡುತ್ತಾನೆ. ಸಂಪರ್ಕ ಕಡಿಯುವಂತೆ ಹಡಗಿನ ಕ್ಯಾಪ್ಟನ್ ಪಿಕಾರ್ಡ್ ಆಜ್ಞೆ ಮಾಡುತ್ತಾನೆ. ಆದರೆ ಹೆದರಿದ ಆ ಮಗುವಿನ ದನಿ ಅದೇ ಗಳಿಗೆಯಲ್ಲಿ ಕೋಣೆಯೊಳಗೆ ಕೇಳಿದಾಗ ಅವನಿಗೆ ಆಜ್ಞೆಯನ್ನು ಹಿಂತೆಗೆದುಕೊಳ್ಳದೆ ವಿಧಿಯಿಲ್ಲ. ಗ್ರಹ ಉಳಿಯುತ್ತದೆ. ಅಲ್ಲಿಯವರೆಗೆ ನನಗೂ ಒಪ್ಪಿಗೆಯೇ: ಕರೆದವರಿಗೆ ಓಗೊಡುವುದು ಅತಿಕ್ರಮಣವಲ್ಲ.

ಆಮೇಲೆ ನಡೆಯುವುದನ್ನು ಮಾತ್ರ ಒಪ್ಪಲಾರೆ. ಹಡಗಿನ ವೈದ್ಯೆ ಆ ಹುಡುಗಿಯ ನೆನಪನ್ನು ಅಳಿಸಿಹಾಕುತ್ತಾಳೆ, ಮಲಗಿದವಳನ್ನು ಡೇಟಾ ಮನೆಗೆ ತಲುಪಿಸಿ, ಅವಳು ಹಡಗಿನಲ್ಲಿ ಕಂಡು ಬೆರಗಾಗಿದ್ದ ಹಾಡುವ ಕಲ್ಲನ್ನು ಅವಳ ಕೈಯಲ್ಲಿಟ್ಟು ಬರುತ್ತಾನೆ. ದೃಶ್ಯ ಹೃದಯಸ್ಪರ್ಶಿಯಾಗಿದೆ, ಸರಿ. ಆದರೆ ಆ ಕಲ್ಲು ಎಲ್ಲಿಂದ ಬಂತೆಂದು ತಿಳಿಯುವ ದಾರಿಯನ್ನೇ ಅವಳಿಂದ ಕಿತ್ತುಕೊಳ್ಳಲಾಗಿದೆ. ಕೈಹಾಕಬಾರದೆನ್ನುವ ಕಟ್ಟಳೆಯನ್ನು ಕಾಪಾಡುವ ಹೆಸರಿನಲ್ಲಿ ಒಂದು ಮಗುವಿನ ಮನಸ್ಸಿಗೇ ಕೈಹಾಕಿದ್ದಾರೆ, ಅದೂ ಅವಳನ್ನು ಒಂದು ಮಾತು ಕೇಳದೆ. ಇಡೀ ಕಂತಿನಲ್ಲಿ ಇದಕ್ಕಿಂತ ದೊಡ್ಡ ಹಸ್ತಕ್ಷೇಪ ಇನ್ನೊಂದಿಲ್ಲ.

ಕೇಳದೆ ಮಾಡುವುದರ ನೋವು ತಮ್ಮ ತಾಲ್ಲೂಕಿಗೆ ಹೊಸದಲ್ಲ. ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾದಾಗ, ಕುರಿ ಕಾಯುವವರೂ ಕಂಬಳಿ ನೇಯುವವರೂ ವಿಜ್ಞಾನ ಬೇಡವೆನ್ನಲಿಲ್ಲ; ನಮ್ಮನ್ನು ಯಾಕೆ ಕೇಳಲಿಲ್ಲ ಎಂದರು.

ಎಲ್ಲವೂ ತಿಳಿದರೆ ಸರ್ಜೆಂಕಾಳ ಗ್ರಹದ ಜನ ತತ್ತರಿಸಿಹೋಗುತ್ತಿದ್ದರು ಎಂಬ ತಮ್ಮ ಆತಂಕಕ್ಕೆ ಆಧಾರವಿದೆ. 1994ರ ‘ಹೋಮ್‌ವರ್ಡ್’ ಕಂತಿನಲ್ಲಿ, ತನ್ನ ಊರಿನವರನ್ನು ಗುಟ್ಟಾಗಿ ಹಡಗಿನಲ್ಲಿ ಬೇರೆ ಗ್ರಹಕ್ಕೆ ಸಾಗಿಸುತ್ತಿರುವ ಸತ್ಯವನ್ನು ಕಂಡ ವೋರಿನ್ ಎಂಬ ಹಳ್ಳಿಗ ಪ್ರಾಣವನ್ನೇ ಕಳೆದುಕೊಳ್ಳುತ್ತಾನೆ. ಆದರೆ ಅವನು ಅದನ್ನು ಕಂಡದ್ದು ಆಕಸ್ಮಿಕವಾಗಿ, ತನ್ನವರು ಯಾರೂ ಜೊತೆಗಿಲ್ಲದೆ. ಇದಕ್ಕೆ ಎದುರಾಗಿ 1989ರದೇ ‘ಹೂ ವಾಚಸ್ ದ ವಾಚರ್ಸ್’ ಕಂತನ್ನು ಇಟ್ಟು ನೋಡಿ. ತನ್ನನ್ನು ದೇವರೆಂದು ನಂಬಿದ ಜನರ ನಾಯಕಿಯನ್ನು ಪಿಕಾರ್ಡ್ ಹಡಗಿಗೆ ಕರೆತಂದು, ತನ್ನವಳೊಬ್ಬಳು ಸಾಯುವುದನ್ನು ತೋರಿಸಿ, ನಾವೂ ನಿಮ್ಮಂತೆ ಸಾಯುವವರೇ ಎಂದು ತಿಳಿಹೇಳುತ್ತಾನೆ. ಆ ಊರಿನವರು ನಡೆದದ್ದನ್ನೆಲ್ಲ ನೆನಪಿನಲ್ಲಿ ಇಟ್ಟುಕೊಂಡೇ ತಮ್ಮ ಬದುಕನ್ನು ಮುಂದುವರಿಸುತ್ತಾರೆ. ಸರ್ಜೆಂಕಾಳಿಗೂ ಅವಳ ಹೆತ್ತವರಿಗೂ ಅಷ್ಟು ಗೌರವ ಸಲ್ಲಬೇಕಿತ್ತೆಂಬುದು ನನ್ನ ದೃಢ ಅಭಿಪ್ರಾಯ. ತಾವು ‘ಪೆನ್ ಪ್ಯಾಲ್ಸ್’ ಮತ್ತು ‘ಹೂ ವಾಚಸ್ ದ ವಾಚರ್ಸ್’ ಕಂತುಗಳೆರಡನ್ನೂ ಒಟ್ಟಿಗೆ ನೋಡಿ ಮತ್ತೆ ಬರೆಯಬೇಕೆಂದು ಕೋರುತ್ತೇನೆ.

— ಸಂಪಾದಕ