ಟಾರು ಹೊಡೆಯೋ ಮೊದಲು ಬಿದಿರು ನೋಡು ತಮ್ಮಾ

ತಮ್ಮಾ, ಮಳೆಗಾಲ ಪೂರ್ತಿ ಕೊಟ್ಟಿಗೆ ಗೋಡೆಗೆ ಒರಗಿಸಿಟ್ಟಿದ್ದ ತೆಪ್ಪಕ್ಕೆ, ಅಂದರೆ ಬಿದಿರು ಹೆಣೆದ ದುಂಡು ದೋಣಿಗೆ, ಒಂದು ಕೋಟ್ ಟಾರು ಹೊಡೆದು ನೀರಿಗೆ ಬಿಡಬಹುದಾ ಅಂತ ಕೇಳಿದ್ದೀಯ. ಬೇಡ. ಟಾರು ಕೊನೆಯ ಕೆಲಸ. ಮೊದಲೇ ಬಳಿದುಬಿಟ್ಟರೆ ಒಳಗಿನ ದೋಷವೆಲ್ಲ ಕಪ್ಪಿನಡಿ ಮುಚ್ಚಿಹೋಗುತ್ತದೆ. ನಾನು ಒಂದು ವರ್ಷ ಹೀಗೇ ಮಾಡಿದೆ. ಶ್ರೀರಂಗಪಟ್ಟಣದ ಕೆಳಗೆ ಬಲೆ ಎಳೆಯುವಾಗ ಅಂಚಿನ ಬಳೆ (ಬಾಯಿ ಸುತ್ತ ಕಟ್ಟಿದ ಬಿದಿರು) ಲಟಕ್ ಅಂತ ಮುರಿಯಿತು. ಜೊತೆಯಲ್ಲಿ ನನ್ನ ಮಗನಿದ್ದ. ದಡ ಹತ್ತಿರವಿತ್ತು, ಬದುಕಿಕೊಂಡೆವು. ಮುರಿದ ಕಡೆ ನೋಡಿದರೆ ಬಿದಿರೊಳಗೆ ಬರೀ ಹಿಟ್ಟು.

ಅದು ಕುಟ್ಟೆ ಹುಳದ ಕೆಲಸ. ಬಿದಿರಿನೊಳಗಿನ ಸಿಹಿ ಸತ್ವ ತಿನ್ನೋಕೆ ಬರುತ್ತದೆ, ಹೊರಗಿನಿಂದ ನೋಡಿದರೆ ಸಣ್ಣ ತೂತು ಬಿಟ್ಟು ಏನೂ ಕಾಣಲ್ಲ. ತೆಪ್ಪ ಇಟ್ಟಿದ್ದ ಜಾಗದಲ್ಲಿ ನೆಲದ ಮೇಲೆ ಗೋಧಿಹಿಟ್ಟಿನಂಥ ಪುಡಿ ಬಿದ್ದಿದೆಯಾ ಮೊದಲು ನೋಡು. ಆಮೇಲೆ ಒಂದೊಂದೇ ದಬ್ಬೆಯನ್ನು (ಸೀಳಿದ ಬಿದಿರು ಪಟ್ಟಿ) ಮಚ್ಚಿನ ಹಿಂಬದಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗು. ಗಟ್ಟಿ ಬಿದಿರು ಟಣ್ ಅನ್ನುತ್ತದೆ, ಟೊಳ್ಳಾಗಿದ್ದರೆ ಸದ್ದು ಬೊದ್ದಾಗಿ ಬರುತ್ತದೆ, ಎರಡು ಸಲ ಕೇಳಿದರೆ ನಿನಗೇ ಗೊತ್ತಾಗುತ್ತದೆ. ನಡುತಳದ ಹೆಣಿಗೆ ಮತ್ತು ಅಂಚಿನ ಬಳೆ, ಈ ಎರಡನ್ನು ಜಾಸ್ತಿ ನೋಡು. ನಮ್ಮ ಭಾರವೆಲ್ಲ ತಳದ ಮೇಲೆ, ಬಲೆ ಎಳೆಯುವ ಭಾರ ಅಂಚಿನ ಮೇಲೆ.

ಗೋಡೆಗೆ ಒರಗಿಸಿದ್ದೆ ಅಂದೆಯಲ್ಲ, ಹಾಗಾದರೆ ನೆಲಕ್ಕೆ ತಾಗಿದ್ದ ಕಡೆ ಗೆದ್ದಲು ಹತ್ತಿರಬಹುದು, ಅದರ ಜೊತೆಗೆ ತೆಪ್ಪದ ದುಂಡೂ ಕೆಟ್ಟಿರುತ್ತದೆ. ಅಡ್ಡ, ಉದ್ದ ಎರಡೂ ಕಡೆ ಹಗ್ಗ ಹಿಡಿದು ಅಳೆ. ಸ್ವಲ್ಪ ವ್ಯತ್ಯಾಸ ಇದ್ದರೆ ಒಂದೆರಡು ದಿನ ಒದ್ದೆ ಗೋಣಿಚೀಲ ಹೊದಿಸಿ, ನೆನೆದ ಮೇಲೆ ಹಗ್ಗದಲ್ಲಿ ಬಿಗಿದು ಕಟ್ಟಿದರೆ ದುಂಡಿಗೆ ಬರುತ್ತದೆ.

ಹೋಗಿರುವ ದಬ್ಬೆ ಬದಲಿಸಲೇಬೇಕು. ಮೈಸೂರಿನ ಬಂಬೂ ಬಜಾರಿನಲ್ಲೋ ನಿಮ್ಮೂರ ಹತ್ತಿರದ ಮೇದರ ಬಳಿಯೋ ಬಲಿತ ಬಿದಿರು ಕೇಳಿ ತಗೋ, ಎಳೆಯದು ಬೇಡ. ಸೀಳಿ, ನಾಲೆ ಪಕ್ಕದ ಹೊಂಡದಲ್ಲಿ ಕಲ್ಲು ಹೇರಿ ಎರಡು ವಾರ ಮುಳುಗಿಸಿಡು. ಸತ್ವ ನೀರಿಗೆ ಬಿಡುತ್ತದೆ, ಹುಳ ಕಡಿಮೆಯಾಗುತ್ತದೆ, ಬಗ್ಗಿಸೋಕೂ ಸುಲಭ. ನೀರು ನಾರುತ್ತದೆ, ನಾರಲಿ ಬಿಡು.

ಈಗ ಹೊದಿಕೆ. ಹಿಂದೆಲ್ಲ ಚರ್ಮ ಹೊದಿಸುತ್ತಿದ್ದರು, ನಮ್ಮದು ಪ್ಲಾಸ್ಟಿಕ್ ಚೀಲದ ಹೊದಿಕೆ, ಇಲಿ ಕಡಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ತೆಪ್ಪ ಬೋರಲು ಹಾಕಿ, ಒಂದು ಕಡೆ ಕಲ್ಲು ಕೊಟ್ಟು ಎತ್ತಿ, ಒಳಗೆ ನುಗ್ಗಿ ಕೂತು ನೋಡು. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಚುಕ್ಕಿಯಾಗಿ ಕಾಣುತ್ತದೆ. ಗುರುತಿಗೆ ಅಲ್ಲಿನ ದಬ್ಬೆಗೆ ಒಂದು ದಾರ ಕಟ್ಟು. ತೇಪೆಯನ್ನು ಹೊರಗಿನಿಂದ ಹಾಕು, ತೂತಿನ ಸುತ್ತ ನಾಲ್ಕು ಬೆರಳು ಜಾಸ್ತಿ ಇರಲಿ.

ಟಾರು ಕಾಯಿಸುವಾಗ ಅವಸರ ಬೇಡ. ಬಯಲಲ್ಲಿ, ಸಣ್ಣ ಉರಿಯಲ್ಲಿ ಕಾಯಿಸು. ಡಬ್ಬದೊಳಗೆ ಒಂದು ಹನಿ ನೀರಿದ್ದರೂ ನೊರೆ ಉಕ್ಕಿ ಮೈಮೇಲೆ ಬರುತ್ತದೆ. ಬೆಂಕಿ ಹತ್ತಿಕೊಂಡರೆ ನೀರು ಹಾಕಲೇಬೇಡ, ತಗಡು ಮುಚ್ಚು ಇಲ್ಲಾ ಮರಳು ಸುರಿ. ಹೊಗೆ ಏಳುವಷ್ಟು ಕಾಯಿಸಿದರೆ ಪ್ಲಾಸ್ಟಿಕ್ ಸುರುಟಿಕೊಳ್ಳುತ್ತದೆ, ಬಟ್ಟೆ ಸುತ್ತಿದ ಕೋಲಿಗೆ ಅಂಟಿ ಹರಿಯುವಷ್ಟು ತೆಳುವಾದರೆ ಸಾಕು. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಒಳ್ಳೆಯದು. ಕೆಳಗಿನ ಹೊದಿಕೆ ಒಣಗಿರಬೇಕು, ಇಬ್ಬನಿ ಇಳಿದ ಬೆಳಿಗ್ಗೆ ಬಳಿದರೆ ಹಿಡಿಯಲ್ಲ, ಬಿಸಿಲೇರಲಿ.

ಒಣಗಿದ ಮೇಲೆ ಮೊಣಕಾಲುದ್ದ ನೀರಲ್ಲಿ ಬಿಟ್ಟು, ನಿನ್ನಷ್ಟು ಮತ್ತು ಬಲೆಯಷ್ಟು ತೂಕದ ಮರಳುಚೀಲ ಇಟ್ಟು ಅರ್ಧ ಗಂಟೆ ಕಾಯಿ. ಒಳಗೆ ಒದ್ದೆ ಕಂಡರೆ ಮತ್ತೆ ದಡಕ್ಕೆ ತಾ. ಹುಟ್ಟನ್ನೂ ಮರೆಯಬೇಡ, ಹಿಡಿ ಸೇರುವ ಕಡೆ ಸೀಳಿದೆಯಾ ತಿರುಚಿ ನೋಡು.

ಇಳಿಯುವ ದಿನ ಕೆಆರ್‌ಎಸ್ ಅಣೆಕಟ್ಟೆಯಿಂದ ಎಷ್ಟು ನೀರು ಬಿಡುತ್ತಿದ್ದಾರೆ ಕೇಳಿಕೊಂಡು ಹೋಗು. ಕಟ್ಟೆ 124.80 ಅಡಿ ಹತ್ತಿರ ತುಂಬಿ ನಿಂತಿದ್ದಾಗ ಮೇಲೆ ಕೊಡಗಿನಲ್ಲಿ ಜೋರು ಮಳೆ ಬಿದ್ದರೆ, ನಮ್ಮ ಕಡೆ ಹನಿ ಇಲ್ಲದಿದ್ದರೂ ಹೊಳೆ ಏರುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡೇ ಹೋಗು, ಸುಮ್ನೆ ತೆಪ್ಪದಲ್ಲಿಟ್ಟರೆ ಪ್ರಯೋಜನ ಇಲ್ಲ. ತಳದ ಫೋಟೋ ತೆಗೆದು ಕಳಿಸು, ಯಾವ ದಬ್ಬೆ ಬದಲಿಸಬೇಕು ಅಂತ ನೋಡಿ ಹೇಳುತ್ತೇನೆ.