ಸಂಪಾದಕರ ಉತ್ತರ: ಗಾಯ ಚಿಕ್ಕದು, ಸರಿ. ಆಪರೇಷನ್ ಬೇಕಾ?

(ತೀರ್ಥಹಳ್ಳಿ ಕಡೆಯ ಹೈಸ್ಕೂಲ್ ಮೇಷ್ಟ್ರೊಬ್ಬರ ಪತ್ರದ ಸಾರ: ‘ಮಗನಿಗೆ 16 ವರ್ಷ. ಕಬಡ್ಡಿ ಆಡುವಾಗ ಸೊಂಟ ಹಿಡಿಯಿತು. ಮೂರು ವಾರದಿಂದ ಎಡಗಾಲಿನ ಉದ್ದಕ್ಕೂ ನೋವು. ಡಿಸ್ಕ್ ಜಾರಿದೆ ಎಂದು ಎಂಆರ್‌ಐ ವರದಿ ಬಂದಿದೆ. ಸಣ್ಣ ತೂತಿನ ಮೂಲಕ ಮಾಡುವ ಕೀಹೋಲ್ ಆಪರೇಷನ್ ಆದರೆ ಮಾರನೇ ದಿನವೇ ಮನೆಗೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದಿರಿ. ಹಾಗಿದ್ದರೆ ಡಾಕ್ಟರು ಕಾಯಿರಿ ಅನ್ನುವುದೇಕೆ? ಬೆನ್ನಿಗೆ ಕತ್ತರಿ ಹಾಕಿದರೆ ಹುಡುಗ ಮತ್ತೆ ಏಳುವುದಿಲ್ಲ ಅಂತಾರೆ ನಮ್ಮ ತಾಯಿ.’)

ಮೇಷ್ಟ್ರೇ, ನಮಸ್ಕಾರ. ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಗಾಯ ಎಷ್ಟು ಚಿಕ್ಕದು ಎಂದು ಹೇಳೋದಕ್ಕೆ ಅರ್ಧ ಪುಟ ಕೊಟ್ಟೆವು. ಆಪರೇಷನ್ ಯಾರಿಗೆ ಬೇಕು, ಯಾವಾಗ ಬೇಕು ಅನ್ನೋದಕ್ಕೆ ಎರಡೇ ಸಾಲು.

ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಹೊರಗೆ ನಾರಿನ ಸುತ್ತು, ಒಳಗೆ ಲೋಳೆಯಂಥ ತಿರುಳು. ಸುತ್ತು ಹರಿದರೆ ತಿರುಳು ಈಚೆ ಬಂದು ಕಾಲಿಗೆ ಹೋಗುವ ನರವನ್ನು ಒತ್ತುತ್ತದೆ. ಪೆಟ್ಟು ಸೊಂಟದಲ್ಲಿ, ನೋವು ಮೀನಖಂಡದಲ್ಲಿ. 1934ರಲ್ಲಿ ಅಮೆರಿಕದ ಬಾಸ್ಟನ್ನಿನ ಡಾಕ್ಟರುಗಳಾದ ಮಿಕ್ಸ್‌ಟರ್ ಮತ್ತು ಬಾರ್ ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು. ಅಲ್ಲಿಯವರೆಗೆ ಈಚೆ ಬಂದ ಆ ತುಂಡನ್ನು ಗಡ್ಡೆ ಎಂದೇ ತಿಳಿಯುತ್ತಿದ್ದರು.

ನಿಮ್ಮ ತಾಯಿಯವರ ಭಯ ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ಉದ್ದ ಗಾಯ, ದಿನಗಟ್ಟಲೆ ಹಾಸಿಗೆ. 1977ರಲ್ಲಿ ಯಾಸರ್ಗಿಲ್ ಮತ್ತು ಕ್ಯಾಸ್ಪರ್ ಎಂಬ ಸರ್ಜನ್ನರು ಬೇರೆ ಬೇರೆಯಾಗಿ, ಮೈಕ್ರೋಸ್ಕೋಪ್ ಇಟ್ಟುಕೊಂಡು ಮಾಡುವ ಆಪರೇಷನ್ ಬಗ್ಗೆ ಬರೆದರು. ಆಮೇಲೆ ಸ್ನಾಯುವನ್ನು ಕತ್ತರಿಸದೆ ಸರಿಸಿ, ಕೊಳವೆ ತೂರಿಸುವ ವಿಧಾನ ಬಂತು. ಈಗ ಗಾಯ ಸುಮಾರು 2 ಸೆಂ.ಮೀ., ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ಆದರೆ 1 ಸೆಂ.ಮೀ.ಗೂ ಕಡಿಮೆ. ನಡುವೆ ಒಂದು ತಮಾಷೆಯ ಪ್ರಯತ್ನವೂ ನಡೆದಿತ್ತು. ಮಾಂಸ ಬೇಗ ಬೇಯಲಿ ಅಂತ ಪಪ್ಪಾಯಿಕಾಯಿ ಹಾಕುತ್ತಾರಲ್ವಾ? ಅದೇ ಲೆಕ್ಕದಲ್ಲಿ 1960ರ ದಶಕದಿಂದ ಪಪ್ಪಾಯಿಯ ಕಿಣ್ವವನ್ನು ಡಿಸ್ಕ್‌ಗೆ ಚುಚ್ಚಿ ತಿರುಳು ಕರಗಿಸುತ್ತಿದ್ದರು. ಕೆಲವರಿಗೆ ಜೀವಕ್ಕೇ ಕುತ್ತಾಗುವ ಅಲರ್ಜಿ ಬಂತು. ಕೊನೆಗೆ ಅದು ಮೂಲೆ ಸೇರಿತು.

ಇನ್ನು ನಿಮ್ಮ ಹುಡುಗನ ವಿಷಯ. ಈ ವಯಸ್ಸಿನವರಿಗೆ ಡಿಸ್ಕ್ ಜಾರುವುದು ಕಡಿಮೆ, ಜಾರಿದರೆ ರೀತಿಯೂ ಬೇರೆ. ತಿರುಳಿನಲ್ಲಿ ನೀರಿನಂಶ ಜಾಸ್ತಿ. ಮೂಳೆಯ ಅಂಚಿನ ಬೆಳೆಯುವ ಉಂಗುರ ಇನ್ನೂ ಪೂರ್ತಿ ಬೆಸೆದಿರುವುದಿಲ್ಲ. ಹಾಗಾಗಿ ಕೆಲವರಲ್ಲಿ ತಿರುಳಿನ ಜೊತೆ ಮೂಳೆಯ ಚೂರೂ ಕಿತ್ತು ಬರುತ್ತದೆ. ಎಂಆರ್‌ಐಗಿಂತ ಸಿ.ಟಿ. ಸ್ಕ್ಯಾನ್‌ನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಡಾಕ್ಟರ ಹತ್ತಿರ ಇದನ್ನು ಕೇಳಲೇಬೇಕು, ಯಾಕೆಂದರೆ ಚೂರು ದೊಡ್ಡದಿದ್ದರೆ ಆಪರೇಷನ್ನಿನ ಲೆಕ್ಕವೇ ಬದಲಾಗುತ್ತದೆ. ಇನ್ನೊಂದು ಮಾತು: ಮಕ್ಕಳಲ್ಲಿ ಜೋಮು, ಬಲಹೀನತೆ ಹೆಚ್ಚು ಕಾಣದೆ ಇರಬಹುದು. ಬೆನ್ನು ಬಿಗಿದು, ಕಾಲು ನೇರವಾಗಿ ಎತ್ತಲು ಆಗದೆ ಒದ್ದಾಡುತ್ತಾರೆ. ನಾವು ಪರೀಕ್ಷೆ ತಪ್ಪಿಸೋ ನಾಟಕ ಅಂದುಬಿಡುತ್ತೇವೆ.

ಕಾಯಿರಿ ಅಂದ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. ಕಾಲಿನ ಶಕ್ತಿ ಕುಂದದಿದ್ದರೆ ಸಾಮಾನ್ಯವಾಗಿ ಆರು ವಾರವಾದರೂ ನೋಡುತ್ತಾರೆ. ಕಬಡ್ಡಿ ಬಂದ್, ನೋವಿನ ಮಾತ್ರೆ, ಫಿಸಿಯೋಥೆರಪಿ. ಇಡೀ ದಿನ ಮಲಗಿಸಬೇಡಿ, ಓಡಾಡಲಿ. ಇಷ್ಟಾದರೂ ನೋವು ಬಿಡದಿದ್ದರೆ ಆಗ ಆಪರೇಷನ್. ಹೆಚ್ಚಿನವರಿಗೆ ಕಾಲುನೋವು ಚೆನ್ನಾಗಿ ಇಳಿಯುತ್ತದೆ. ಆದರೆ ಡಿಸ್ಕ್ ಹೊಸದಾಗುವುದಿಲ್ಲ. ಅದೇ ಜಾಗದಲ್ಲಿ ಮತ್ತೆ ಜಾರಬಹುದು. ಮಾರನೇ ದಿನ ಮನೆಗೆ ಬಂದ ಹುಡುಗ ಮರುವಾರ ಅಂಗಳಕ್ಕೆ ಇಳಿಯುವ ಹಾಗಿಲ್ಲ.

ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಮಾತ್ರ ಒಂದು ದಿನವೂ ತಡಮಾಡಬೇಡಿ. ರಾತ್ರಿಯಾದರೂ ಸರಿ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ.

ಪತ್ರದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಮಗ ತುದಿಗಾಲಿನಲ್ಲಿ, ಆಮೇಲೆ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಬಲ್ಲನಾ? ಇವತ್ತು ಸಂಜೆ ಕೈ ಹಿಡಿದು ನಡೆಸಿ ನೋಡಿ. ಎಡಗಾಲು ಸೋಲುತ್ತಿದ್ದರೆ ಆರು ವಾರ ಎಣಿಸುತ್ತಾ ಕೂರಬೇಡಿ, ನಾಳೆಯೇ ಡಾಕ್ಟರಿಗೆ ಹೇಳಿ.